ಕಮಾಂಡೋ ಮುಖ ನೋಡಂಗಿಲ್ಲ, ಕೈ ನೋಡ್ತಾನ!

ಬೆಳಗಾವಿ ಕ್ಯಾಂಪಿನಿಂದ ತಾಜ್ ಹೋಟೆಲಿನ ಮೆಟ್ಟಿಲವರೆಗೆ ಒಂದು ಕಷ್ಟದ ವಿದ್ಯೆ

ಬೆಳಗಾವಿ: ನಸುಕಿನ ಬಸ್ಸಿನಲ್ಲಿ ಕ್ಯಾಂಪ್ ಕಡೆ ಹಾದು ಬರುವವರಿಗೆ ಈ ನೋಟ ಹೊಸದೇನಲ್ಲ. ಇನ್ನೂ ಬೀದಿ ದೀಪ ಆರಿರುವುದಿಲ್ಲ. ಬೆನ್ನಿಗೆ ಮೂಟೆ, ಕೈಯಲ್ಲಿ ಬಂದೂಕು, ಕಾಲಲ್ಲಿ ಭಾರದ ಬೂಟು ಹಾಕಿಕೊಂಡ ಹುಡುಗರ ಸಾಲು ರಸ್ತೆ ಬದಿಯಲ್ಲಿ ಓಡುತ್ತಿರುತ್ತದೆ. "ಇವರಿಗೆ ನಿದ್ದಿ ಅನ್ನೋದ ಇಲ್ಲೇನ್ರಿ?" ಅಂತ ಬಸ್ಸಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪಕ್ಕದವರು ನಕ್ಕು ಸುಮ್ಮನಾಗುತ್ತಾರೆ. ಬಸ್ಸು ಮುಂದೆ ಹೋಗುತ್ತದೆ. ಹುಡುಗರು ಓಡುತ್ತಲೇ ಇರುತ್ತಾರೆ.

ಓಡುವ ಇವರೆಲ್ಲ ಕಮಾಂಡೋಗಳಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಹೊಸದಾಗಿ ಸೇರಿದ ಹುಡುಗರೂ ಅಲ್ಲಿ ಓಡುತ್ತಾರೆ. ಆದರೆ ಇದೇ ಊರಿನಲ್ಲಿ ಇನ್ನೊಂದು ಶಾಲೆಯೂ ಇದೆ. ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಅಂತ ಅದರ ಹೆಸರು. ಇನ್‌ಫೆಂಟ್ರಿ ಸ್ಕೂಲಿನ ಮುಖ್ಯ ಠಾಣೆ ಮಧ್ಯಪ್ರದೇಶದ ಮ್ಹೌನಲ್ಲಿ. ಅದರ ಈ ಶಾಖೆ ನಮ್ಮ ಬೆಳಗಾವಿಯಲ್ಲಿ. ದೇಶದ ಮೂಲೆ ಮೂಲೆಯ ಪಲ್ಟಣಗಳಿಂದ ಎಳೆಯ ಅಧಿಕಾರಿಗಳು, ಹವಾಲ್ದಾರರು ಕಮಾಂಡೋ ಕೋರ್ಸಿಗೆ ಬರುವುದು ಇಲ್ಲಿಗೇ.

ಹಾಗಾದರೆ ಅಲ್ಲಿ ಕಲಿಸುವುದೇನು? ಗುಂಡು ಹೊಡೆಯುವುದನ್ನಾ? ಗುಂಡು ಹೊಡೆಯುವುದನ್ನು ಯಾವ ಸಿಪಾಯಿಯೂ ಮೊದಲ ತಿಂಗಳಲ್ಲೇ ಕಲಿಯುತ್ತಾನೆ. ಕಮಾಂಡೋ ಕಲಿಯಬೇಕಾದದ್ದು ಅದಕ್ಕಿಂತ ಕಷ್ಟದ್ದು. ಯಾರಿಗೆ ಗುಂಡು ಹೊಡೆಯಬಾರದು ಅನ್ನುವುದನ್ನು ಅವನು ಕಲಿಯಬೇಕು. ಅದೂ ಕತ್ತಲಲ್ಲಿ, ಹೊಗೆಯಲ್ಲಿ, ಒಂದು ಸೆಕೆಂಡಿನೊಳಗೆ ನಿರ್ಧರಿಸಬೇಕು.

ಸಿನಿಮಾ ಬೇರೆ, ಕ್ಯಾಂಪ್ ಬೇರೆ

ಸಿನಿಮಾದ ಕಮಾಂಡೋ ಎರಡೂ ಕೈಯಲ್ಲಿ ಎರಡು ಬಂದೂಕು ಹಿಡಿದು ಸೊಂಟದ ಹತ್ತಿರದಿಂದಲೇ ಸುಡುತ್ತಾನೆ. ಕಾಡತೂಸು ಮುಗಿಯುವುದೇ ಇಲ್ಲ. ಹೀರೋಗೆ ಗುಂಡು ತಾಗುವುದೂ ಇಲ್ಲ. ಲೆಕ್ಕ ಹಾಕಿ ನೋಡಿ. ಎ.ಕೆ.-47 ಬಂದೂಕಿನ ಮ್ಯಾಗಜಿನ್‌ನಲ್ಲಿ ಹಿಡಿಯುವುದು 30 ಗುಂಡು. ಅದು ಸುಡುವ ವೇಗ ನಿಮಿಷಕ್ಕೆ 600. ಬೆರಳು ಒತ್ತಿ ಹಿಡಿದರೆ ಮೂರೇ ಸೆಕೆಂಡಿಗೆ ಮ್ಯಾಗಜಿನ್ ಖಾಲಿ! ನಾಲ್ಕನೇ ಸೆಕೆಂಡಿಗೆ ಹೀರೋನ ಕೈಯಲ್ಲಿರುವುದು ನಾಲ್ಕು ಕಿಲೋ ತೂಕದ ಕಬ್ಬಿಣದ ಬಡಿಗೆ, ಅಷ್ಟೇ.

ನಿಜವಾದ ಕಮಾಂಡೋ ಹಾಗೆ ಗುಂಡು ಚೆಲ್ಲುವುದಿಲ್ಲ. ಒಂದು, ಇಲ್ಲವೇ ಎರಡು. ಮತ್ತೆ ನೋಡುತ್ತಾನೆ. ಬೇಕಾದರೆ ಮತ್ತೊಂದು.

ನಮ್ಮ ಸೇನೆಯ ಪ್ರತಿ ಪದಾತಿ ಪಲ್ಟಣದಲ್ಲೂ ಸುಮಾರು 20 ಜನರ ಒಂದು 'ಘಾತಕ್' ತುಕಡಿ ಇರುತ್ತದೆ. ಈ ಹೆಸರು ಕೊಟ್ಟವರು ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಬಿ.ಸಿ. ಜೋಶಿ. ಪಲ್ಟಣಕ್ಕಿಂತ ಮುಂದೆ ಹೋಗಿ ಶತ್ರುವಿನ ಬಂಕರ್ ಹೊಡೆಯುವುದು, ಮದ್ದುಗುಂಡಿನ ಕೋಠಿಗೆ ಬೆಂಕಿಯಿಡುವುದು ಇವರ ಕೆಲಸ. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಹತ್ತಿ, ಮೈತುಂಬ ಗುಂಡು ತಿಂದೂ ಬದುಕಿ ಬಂದು, 19ನೇ ವಯಸ್ಸಿಗೆ ಪರಮವೀರ ಚಕ್ರ ಪಡೆದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಇಂಥ ಘಾತಕ್ ತುಕಡಿಯವರೇ. ಈ ಘಾತಕ್ ಹುಡುಗರನ್ನು ತಿದ್ದಿ ತೀಡುವ ಕೋರ್ಸು ಬೆಳಗಾವಿಯದು.

ಪಾಠದ ಪಟ್ಟಿ ದೊಡ್ಡದು. ಬಂಡೆ ಹತ್ತುವುದು, ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಜಾರುವುದು, ಸ್ಫೋಟಕ ಇಡುವುದು, ಕತ್ತಲಲ್ಲಿ ದಿಕ್ಕು ಹಿಡಿದು ನಡೆಯುವುದು. ಎಲ್ಲದಕ್ಕೂ ಮೊದಲು ವೇಗದ ನಡಿಗೆ. ಬೆನ್ನ ಮೇಲೆ ಮೂಟೆ, ಕೈಯಲ್ಲಿ ಬಂದೂಕು ಇಟ್ಟುಕೊಂಡು 20 ಕಿಲೋಮೀಟರ್‌ನಿಂದ ಹಿಡಿದು 60 ಕಿಲೋಮೀಟರ್‌ವರೆಗೆ. 60 ಕಿಲೋಮೀಟರ್ ಅಂದರೆ ಎಷ್ಟು? ಬೆಳಗಾವಿಯಲ್ಲಿ ನಡೆಯಲು ಶುರು ಮಾಡಿದವನು ಕಿತ್ತೂರು ದಾಟಿದ ಮೇಲೂ ನಡೆಯುತ್ತಲೇ ಇರಬೇಕು. ನಾವು ನೀವು ಬಸ್ಸಿನಲ್ಲಿ ಕೂತು ಹೋದರೂ ಸೊಂಟ ಹಿಡಿದುಕೊಳ್ಳುವ ದಾರಿ ಅದು.

ಇಷ್ಟೊಂದು ದಣಿಸುವುದು ಯಾಕೆ? ಹುಡುಗರನ್ನು ಗೋಳು ಹೊಯ್ದುಕೊಳ್ಳಲಿಕ್ಕಲ್ಲ. ದಣಿದ ಮನುಷ್ಯ ತಪ್ಪು ಮಾಡುತ್ತಾನೆ. ಉಸಿರು ಏರಿದಾಗ ಕೈ ನಡುಗುತ್ತದೆ, ಸಿಟ್ಟು ಬೇಗ ಬರುತ್ತದೆ, ಕಣ್ಣು ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಕಾಣುತ್ತದೆ. ಅಂಥ ಹೊತ್ತಿನಲ್ಲೂ ತಲೆ ಸ್ಥಿಮಿತದಲ್ಲಿದ್ದರೆ ಮಾತ್ರ ಅವನ ಕೈಗೆ ಜನರ ಜೀವ ಕೊಡಬಹುದು.

ಆಕಾಶದಿಂದ ಇಳಿಯುವವರು

ಘಾತಕ್‌ಗಿಂತ ಮೇಲಿನ ಮೆಟ್ಟಿಲು ಪ್ಯಾರಾ ರೆಜಿಮೆಂಟಿನ ವಿಶೇಷ ಪಡೆ. ಇದರ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂತು. ಧುಮುಕುವ ವಿದ್ಯೆ ಕಲಿಸುವ ಶಾಲೆ ಮಾತ್ರ ಆಗ್ರಾದಲ್ಲೇ ಉಳಿಯಿತು. ಅಲ್ಲಿ ವಿಮಾನದಿಂದ ಐದು ಸಲ ಧುಮುಕಿದವನಿಗೆ ರೆಕ್ಕೆಯ ಬಿಲ್ಲೆ. ಐದರಲ್ಲಿ ಒಂದು ಧುಮುಕು ರಾತ್ರಿಯದು.

ಈ ಪಡೆಗೆ ಬಾ ಅಂತ ಯಾರನ್ನೂ ಬಲವಂತ ಮಾಡುವುದಿಲ್ಲ. ತಾನಾಗಿ ಕೈ ಎತ್ತಿ ಬಂದವರಿಗೆ ತಿಂಗಳುಗಟ್ಟಲೆ ಪರೀಕ್ಷೆ. ನಿದ್ದೆ ಕೊಡದೆ, ಊಟ ಕಡಿಮೆ ಮಾಡಿ, ನಡೆಸಿ, ಈಜಿಸಿ, ಹೊರಿಸಿ ನೋಡುತ್ತಾರೆ. ಬಂದವರಲ್ಲಿ ಹೆಚ್ಚಿನವರು ವಾಪಸ್ಸು ಹೋಗುತ್ತಾರೆ. ಅದು ಅವಮಾನವೇನಲ್ಲ. ಉಳಿದವರಿಗೆ ಕಂದು ಕೆಂಪಿನ ಟೋಪಿ, ಎದೆಗೆ 'ಬಲಿದಾನ್' ಬಿಲ್ಲೆ. ಇದೇ ಗುರುತನ್ನು ಕ್ರಿಕೆಟಿಗ ಧೋನಿ 2019ರ ವಿಶ್ವಕಪ್‌ನಲ್ಲಿ ಕೈಗವಸಿನ ಮೇಲೆ ಹಾಕಿಕೊಂಡು ಆಡಿದ್ದು, ಐಸಿಸಿ ಅದನ್ನು ತೆಗೆಸಿದ್ದು ಬಹಳ ಜನರಿಗೆ ನೆನಪಿರಬಹುದು.

ಬೆಳಗಾವಿಯವರು ಹೆಮ್ಮೆಪಡುವ ಒಂದು ಮಾತು ಇಲ್ಲಿದೆ. 1971ರ ಡಿಸೆಂಬರ್ 11ರಂದು ಆಗಿನ ಪೂರ್ವ ಪಾಕಿಸ್ತಾನದ ಟಾಂಗೈಲ್ ಹತ್ತಿರ ಆಕಾಶದಿಂದ ಇಳಿದು ಪೂಂಗ್ಲಿ ಸೇತುವೆ ಹಿಡಿದದ್ದು 2ನೇ ಪ್ಯಾರಾ ಪಲ್ಟಣ. ಐದೇ ದಿನಕ್ಕೆ ಢಾಕಾ ಬಿತ್ತು. ಈ 2ನೇ ಪ್ಯಾರಾ ಮೊದಲು ಯಾರು ಅಂತೀರಿ? ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಪಲ್ಟಣ! ಮುಂದೆ ಇದೇ ಪಲ್ಟಣ ವಿಶೇಷ ಪಡೆಯಾಗಿ ಬದಲಾಯಿತು.

ಬಾಗಿಲೇ ಯಮನ ಹೊಸ್ತಿಲು

ಬಯಲಲ್ಲಿ ಯುದ್ಧ ಬೇರೆ. ಶತ್ರು ಮುನ್ನೂರು, ನಾನೂರು ಮೀಟರ್ ದೂರದಲ್ಲಿರುತ್ತಾನೆ. ಮಲಗಿ ಗುರಿ ಹಿಡಿಯಲು ಸಮಯ ಸಿಗುತ್ತದೆ. ಮನೆಯೊಳಗಿನ ಕಾದಾಟ ಹಾಗಲ್ಲ. ಅಲ್ಲಿ ದೂರ ಅಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಎದುರಿನ ಗಿರಾಕಿಗೆ ಇರುವಷ್ಟು. ಕೆಲವೊಮ್ಮೆ ಅಷ್ಟೂ ಇಲ್ಲ.

ಇಂಥ ಕಡೆ ಎಲ್ಲಕ್ಕಿಂತ ಅಪಾಯದ ಜಾಗ ಬಾಗಿಲು. ಒಳಗಿದ್ದವನ ಕಣ್ಣು, ಬಂದೂಕು ಎರಡೂ ಅದರ ಮೇಲೇ ನೆಟ್ಟಿರುತ್ತವೆ. ಆದ್ದರಿಂದ ಮೊದಲ ನಿಯಮ: ಬಾಗಿಲಲ್ಲಿ ನಿಲ್ಲಬೇಡ. ಹೊರಗೆ ಗೋಡೆಗೆ ಅಂಟಿ ನಿಲ್ಲಬೇಕು. ಒಳಗೆ ನುಗ್ಗಿದ ಮೇಲೆ ಬಾಗಿಲ ಚೌಕಟ್ಟು ಬಿಟ್ಟು ತಕ್ಷಣ ಪಕ್ಕಕ್ಕೆ ಸರಿಯಬೇಕು. ಒಬ್ಬನೇ ಹೋಗುವಂತಿಲ್ಲ. ಮೊದಲನೆಯವನು ಒಂದು ಮೂಲೆ, ಎರಡನೆಯವನು ಇನ್ನೊಂದು ಮೂಲೆ, ಹಿಂದೆ ಬಂದವನು ನಡುವಿನ ಜಾಗ. ಅವರವರ ಪಾಲಿನ ಜಾಗ ಅವರವರಿಗೆ. ಪಕ್ಕದವನ ಮೂಲೆಯಲ್ಲಿ ಗುಂಡು ಸಿಡಿದರೂ ಅತ್ತ ತಿರುಗಬಾರದು. ತಿರುಗಿದರೆ ತನ್ನ ಮೂಲೆ ಬರಿದಾಗುತ್ತದೆ. ಅಲ್ಲಿ ಅಡಗಿದವನು ಇಬ್ಬರನ್ನೂ ಮುಗಿಸುತ್ತಾನೆ. ಗೆಳೆಯ ತನ್ನ ಮೂಲೆ ನೋಡಿಕೊಳ್ಳುತ್ತಾನೆ ಅನ್ನುವ ನಂಬಿಕೆ ಇಲ್ಲದೆ ಈ ಕೆಲಸ ಆಗುವುದಿಲ್ಲ. ಆ ನಂಬಿಕೆ ಬರಲು ತಿಂಗಳುಗಟ್ಟಲೆ ಒಟ್ಟಿಗೆ ಉಂಡು, ಮಲಗಿ, ಓಡಿ, ಬೈಸಿಕೊಂಡಿರಬೇಕು.

ಎರಡನೇ ನಿಯಮ ಬೆರಳಿನದು. ಗುರಿ ಖಾತ್ರಿಯಾಗುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಕೂಡದು. ಹೊರಗೆ, ಬಂದೂಕಿನ ಮೈಗೆ ಒತ್ತಿ ನೆಟ್ಟಗೆ ಇರಬೇಕು. ಯಾಕೆಂದರೆ ಮನುಷ್ಯ ಬೆಚ್ಚಿದಾಗ, ಎಡವಿದಾಗ ಮುಷ್ಟಿ ತಾನಾಗಿ ಬಿಗಿಯುತ್ತದೆ. ಬೆರಳು ಟ್ರಿಗರ್ ಮೇಲಿದ್ದರೆ ಮುಂದೆ ಹೋಗುತ್ತಿರುವ ಗೆಳೆಯನ ಬೆನ್ನಿಗೇ ಗುಂಡು. ಬಂದೂಕಿನ ಬಾಯಿಯೂ ಅಷ್ಟೇ. ಜೊತೆಗಾರನ ಮೈಮೇಲೆ ಒಂದು ಕ್ಷಣವೂ ಹಾಯಬಾರದು. ಖಾಲಿ ಬಂದೂಕಾದರೂ ಹಾಯಬಾರದು.

ಮೂರನೇ ನಿಯಮವೇ ಈ ಲೇಖನದ ತಲೆಬರಹ. ಒಳಗೆ ಹೋದವನು ಮೊದಲು ನೋಡಬೇಕಾದ್ದು ಮುಖವನ್ನಲ್ಲ, ಕೈಯನ್ನು. ಮುಖ ಮೋಸ ಮಾಡುತ್ತದೆ. ಹೆದರಿದ ಒತ್ತೆಯಾಳಿನ ಮುಖವೂ ಕೆರಳಿದಂತೆ ಕಾಣುತ್ತದೆ. ಕೊಲೆಗಾರನ ಮುಖ ಕಾಲೇಜು ಹುಡುಗನ ಹಾಗೆ ಸೌಮ್ಯವಾಗಿರಬಹುದು. ಆದರೆ ಗುಂಡು ಹಾರಿಸುವುದು ಕೈ, ಗ್ರೆನೇಡ್ ಎಸೆಯುವುದು ಕೈ. ಕೈ ಖಾಲಿಯೋ, ಕೈಯಲ್ಲಿ ಏನಿದೆಯೋ, ಕೈ ಎಲ್ಲಿ ಅಡಗಿದೆಯೋ, ಅದನ್ನು ನೋಡಿ ತೀರ್ಮಾನ.

ಇದಕ್ಕೆಂದೇ ಅಭ್ಯಾಸದ ಮನೆ ಕಟ್ಟಿರುತ್ತಾರೆ. ಗುಂಡು ಹೊರಗೆ ಹಾಯದಂಥ ಗೋಡೆಗಳು, ಬೇಕಾದ ಹಾಗೆ ಬದಲಿಸುವ ಕೋಣೆಗಳು. ಒಳಗೆ ಮನುಷ್ಯರ ಚಿತ್ರ ಬರೆದ ಗುರಿಹಲಗೆಗಳು. ಒಂದರ ಕೈಯಲ್ಲಿ ಪಿಸ್ತೂಲು, ಇನ್ನೊಂದರ ಕೈಯಲ್ಲಿ ಫೋನು, ಮತ್ತೊಂದರ ಕಂಕುಳಲ್ಲಿ ಮಗು. ಪಿಸ್ತೂಲಿನವನನ್ನು ತಪ್ಪಿಸಿಕೊಂಡರೂ ಫೇಲ್. ಮಗುವಿನ ತಾಯಿಗೆ ಹೊಡೆದರೂ ಫೇಲ್. ಹೊಗೆ ಹಾಕಿ, ದೀಪ ಆರಿಸಿ, ಕಿವಿಗಡಚಿಕ್ಕುವ ಸದ್ದು ಮಾಡಿ ಮತ್ತೆ ಮತ್ತೆ ಒಳಗೆ ಕಳಿಸುತ್ತಾರೆ.

ಇನ್ನು ಬಂದೂಕಿನ ಕೈಚಳಕ. ಖಾಲಿ ಮ್ಯಾಗಜಿನ್ ತೆಗೆದು ತುಂಬಿದ್ದನ್ನು ಹಾಕುವುದು, ಗುಂಡು ಸಿಕ್ಕಿಕೊಂಡರೆ ಬಿಡಿಸುವುದು, ಬಿಡಿಸಲು ಪುರುಸೊತ್ತಿಲ್ಲದಿದ್ದರೆ ದೊಡ್ಡ ಬಂದೂಕನ್ನು ಪಟ್ಟಿಯಲ್ಲಿ ಜೋತುಬಿಟ್ಟು ತೊಡೆಯ ಮೇಲಿನ ಪಿಸ್ತೂಲು ಎಳೆಯುವುದು. ಎಲ್ಲವೂ ಕೆಳಗೆ ನೋಡದೆ ಆಗಬೇಕು. ಗುಂಡಿಲ್ಲದ ಬಂದೂಕಿನಲ್ಲಿ ಸಾವಿರಾರು ಸಲ ಇದನ್ನೇ ಮಾಡಿಸುತ್ತಾರೆ. ಖಡೇಬಜಾರಿನ ಹಳೇ ಕಿರಾಣಿ ಅಂಗಡಿಯವರು ಗಿರಾಕಿಯ ಜೊತೆ ಮಾತಾಡುತ್ತಲೇ ಪೊಟ್ಟಣಕ್ಕೆ ದಾರ ಸುತ್ತುವುದಿಲ್ಲವೇ? ಹಾಗೆ. ಕೆಲಸ ಕೈಗೆ ರೂಢಿಯಾದರೆ ಕಣ್ಣೂ ತಲೆಯೂ ಬೇರೆ ಕೆಲಸಕ್ಕೆ ಬಿಡುವಾಗುತ್ತವೆ.

ಮೈಮೇಲೆ ಏನೇನು?

ಹಿಂದಿನ ಕಾಲದಲ್ಲಿ ನಮ್ಮ ಸಿಪಾಯಿಗಳ ಕೈಯಲ್ಲಿದ್ದ ಎಸ್‌ಎಲ್‌ಆರ್ ಬಂದೂಕು 114 ಸೆಂಟಿಮೀಟರ್ ಉದ್ದ. ಆಮೇಲೆ ಬಂದ ಇನ್ಸಾಸ್ 96 ಸೆಂಟಿಮೀಟರ್. ಇಷ್ಟುದ್ದದ್ದನ್ನು ಹಿಡಿದು ಕಿರಿದಾದ ಮೆಟ್ಟಿಲ ತಿರುವಿನಲ್ಲಿ ತಿರುಗಿ ನೋಡಿ, ಬಂದೂಕಿನ ತುದಿ ಗೋಡೆಗೆ ಬಡಿಯುತ್ತದೆ. ಆದ್ದರಿಂದ ವಿಶೇಷ ಪಡೆಗಳಿಗೆ ಗಿಡ್ಡ ಬಂದೂಕು ಬಂದವು. ಇಸ್ರೇಲಿನ ಟೇವರ್ 72 ಸೆಂಟಿಮೀಟರ್ ಮಾತ್ರ. ಅದರ ಮ್ಯಾಗಜಿನ್ ಇರುವುದು ಟ್ರಿಗರ್‌ನ ಹಿಂದೆ, ಭುಜದ ಹತ್ತಿರ. ಹೀಗಾಗಿ ನಳಿಕೆ ಗಿಡ್ಡ ಮಾಡದೆಯೇ ಬಂದೂಕು ಗಿಡ್ಡವಾಯಿತು.

ಎನ್‌ಎಸ್‌ಜಿಯ 'ಕರಿ ಬೆಕ್ಕು'ಗಳ ಕೈಯಲ್ಲಿ ಕಂಡು ಹೆಸರಾದದ್ದು ಜರ್ಮನಿಯ ಎಂಪಿ-5. ಅದಕ್ಕೆ ಹಾಕುವುದು ಪಿಸ್ತೂಲಿನ 9 ಎಂ.ಎಂ. ಗುಂಡು. ದೊಡ್ಡ ಗುಂಡು ಬಿಟ್ಟು ಸಣ್ಣದು ಯಾಕೆ? ಎ.ಕೆ.-47ರ ಗುಂಡು ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ಹೋಗುತ್ತದೆ. ಗುರಿ ತಪ್ಪಿದರೆ ತೆಳು ಗೋಡೆ ತೂರಿ ಪಕ್ಕದ ಕೋಣೆಯಲ್ಲಿ ಮಂಚದ ಕೆಳಗೆ ಅಡಗಿದ ಒತ್ತೆಯಾಳಿಗೆ ತಾಗಬಹುದು. 9 ಎಂ.ಎಂ. ಗುಂಡಿನ ವೇಗ ಸುಮಾರು 400 ಮೀಟರ್, ನೆಗೆತವೂ ಕಡಿಮೆ, ಕೈ ಅಲುಗುವುದಿಲ್ಲ. ಆದರೆ ಅದಕ್ಕೂ ಮಿತಿ ಇದೆ. ಎದುರಿನವನು ಗುಂಡುನಿರೋಧಕ ಅಂಗಿ ತೊಟ್ಟಿದ್ದರೆ ಈ ಗುಂಡು ಸಾಲುವುದಿಲ್ಲ. ಆದ್ದರಿಂದ ಯಾವ ಕೆಲಸಕ್ಕೆ ಯಾವ ಬಂದೂಕು ಅನ್ನುವುದನ್ನು ಹೋಗುವ ಮೊದಲೇ ಲೆಕ್ಕ ಹಾಕುತ್ತಾರೆ.

ಬಂದೂಕಿನ ಕೆಳಗೆ ಟಾರ್ಚು. ಅದನ್ನು ಉರಿಸಿಟ್ಟುಕೊಂಡು ನಡೆದರೆ ತಾನೇ ಗುರಿಯಾಗುತ್ತಾನೆ. ಒಂದು ಚಣ ಹೊತ್ತಿಸಿ, ನೋಡಿ, ಆರಿಸಿ, ಜಾಗ ಬದಲಿಸಬೇಕು. ಸೊಂಟದಲ್ಲಿ ಸದ್ದು ಬೆಳಕಿನ ಗ್ರೆನೇಡ್. ಇದು ಕೊಲ್ಲುವುದಕ್ಕಲ್ಲ. ಕಣ್ಣು ಕೋರೈಸಿ, ಕಿವಿ ಗುಂಯ್ಗುಡಿಸಿ, ಒಳಗಿದ್ದವನನ್ನು ಕೆಲವು ಸೆಕೆಂಡು ದಿಕ್ಕುಗೆಡಿಸುವುದಕ್ಕೆ. ಆ ಕೆಲವು ಸೆಕೆಂಡಿನಲ್ಲೇ ಒಳನುಗ್ಗಬೇಕು. ಹಗ್ಗ ಜಾರುವಾಗ ಅಂಗೈ ಸುಡದಿರಲು ಕೈಗವಸು, ಮಂಡಿಗೆ ಮೆತ್ತೆ, ಕಿವಿಯಲ್ಲಿ ರೇಡಿಯೋ, ಕತ್ತಲಲ್ಲಿ ಕಾಣಲು ಹಸಿರು ಕನ್ನಡಕ.

ಮೈಮೇಲಿನ ಗುಂಡುನಿರೋಧಕ ಅಂಗಿಯ ಕಥೆಯೇ ಬೇರೆ. ನಮ್ಮ ಸೇನೆ ವರ್ಷಗಟ್ಟಲೆ ಅದಕ್ಕಾಗಿ ಕಾದಿತ್ತು. ಕೊನೆಗೆ 2018ರಲ್ಲಿ 639 ಕೋಟಿ ರೂಪಾಯಿಗೆ 1.86 ಲಕ್ಷ ಅಂಗಿಗಳಿಗೆ ಆರ್ಡರ್ ಹೋಯಿತು. ತೂಕ ಒಂದೊಂದೂ ಸುಮಾರು ಹತ್ತು ಕಿಲೋ. ಹತ್ತು ಕಿಲೋ ಅಕ್ಕಿಚೀಲ ಎದೆಗೆ ಕಟ್ಟಿಕೊಂಡು, ಶಿರಸ್ತ್ರಾಣ ಹಾಕಿಕೊಂಡು, ಬಂದೂಕು ಮದ್ದುಗುಂಡು ಹೊತ್ತು ಆರು ಮಾಳಿಗೆ ಹತ್ತಿದ ಮೇಲೆ ಕೈ ನಡುಗದೆ ಗುರಿ ಹಿಡಿಯಬೇಕು! ನಸುಕಿನಲ್ಲಿ ಯಾಕೆ ಓಡಿಸುತ್ತಾರೆ ಅನ್ನುವುದಕ್ಕೆ ಇಲ್ಲಿದೆ ಉತ್ತರ.

ಲಂಡನ್ನಿನ ಮೆಟ್ಟಿಲಲ್ಲಿ ಆದದ್ದು

'ಕೈ ನೋಡು' ಅನ್ನುವ ಪಾಠ ಎಷ್ಟು ದೊಡ್ಡದು ಅನ್ನುವುದಕ್ಕೆ ಜಗತ್ತಿನ ಸೈನ್ಯಗಳೆಲ್ಲ ಹೇಳುವ ಒಂದು ಉದಾಹರಣೆ ಇದೆ. 1980ರ ಏಪ್ರಿಲ್ 30ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ಆರು ಬಂದೂಕುಧಾರಿಗಳು ನುಗ್ಗಿ 26 ಜನರನ್ನು ಒತ್ತೆಯಿಟ್ಟುಕೊಂಡರು. ಮೇ 5ರಂದು ಒಬ್ಬ ಒತ್ತೆಯಾಳನ್ನು ಕೊಂದು ಹೊರಗೆ ಹಾಕಿದರು. ಬ್ರಿಟನ್ನಿನ ಎಸ್‌ಎಎಸ್ ಪಡೆ ಹಗ್ಗ ಹಿಡಿದು ಇಳಿದು ಕಿಟಕಿ ಸ್ಫೋಟಿಸಿ ಒಳಗೆ ಹೋಯಿತು. 17 ನಿಮಿಷಕ್ಕೆ ಕೆಲಸ ಮುಗಿಯಿತು.

ಅದರಲ್ಲೊಂದು ಗಳಿಗೆ. ಒತ್ತೆಯಾಳುಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಂತ ಯೋಧರು ಒಬ್ಬರಿಂದೊಬ್ಬರು ಕೈದಾಟಿಸಿ ಕೆಳಗೆ ಕಳಿಸುತ್ತಿದ್ದರು. ಆ ಸಾಲಿನಲ್ಲೇ ಬಂದೂಕುಧಾರಿಯೊಬ್ಬ ಒತ್ತೆಯಾಳಿನ ಹಾಗೆ ತೂರಿಕೊಂಡು ಇಳಿಯುತ್ತಿದ್ದ. ಒಬ್ಬ ಯೋಧ ಅವನ ಕೈ ನೋಡಿದ. ಮುಷ್ಟಿಯಲ್ಲಿ ಗ್ರೆನೇಡ್! ಸುತ್ತ ಜನ. ಗುಂಡು ಹಾರಿಸಿದರೆ ಯಾರಿಗಾದರೂ ತಾಗಬಹುದು. ಬಂದೂಕಿನ ಹಿಂಬದಿಯಿಂದ ಬಡಿದು ಅವನನ್ನು ಕೆಳಗೆ ಬೀಳಿಸಿದರು. ಜನ ಪಕ್ಕಕ್ಕೆ ಸರಿದ ಮೇಲೆಯೇ ಗುಂಡು.

ಹೊರಗೆ ಬಂದವರನ್ನೂ ಯಾರೂ ಹಾರ ಹಾಕಿ ಸ್ವಾಗತಿಸಲಿಲ್ಲ. ಎಲ್ಲರನ್ನೂ ಹುಲ್ಲುಹಾಸಿನ ಮೇಲೆ ಬೋರಲು ಮಲಗಿಸಿ, ಕೈ ಕಟ್ಟಿ, ಒಬ್ಬೊಬ್ಬರನ್ನೇ ಗುರುತು ಹಿಡಿದರು. ಬದುಕಿ ಉಳಿದ ಒಬ್ಬನೇ ಒಬ್ಬ ದಾಳಿಕೋರ ಸಿಕ್ಕಿಬಿದ್ದದ್ದು ಆ ಹುಲ್ಲಿನ ಮೇಲೆಯೇ.

ಮುಂಬೈ: ಬೆಂಗಳೂರಿನ ಹುಡುಗ ಹಿಂತಿರುಗಲಿಲ್ಲ

ನಮ್ಮ ದೇಶದಲ್ಲಿ ಎನ್‌ಎಸ್‌ಜಿ ಹುಟ್ಟಿದ್ದು 1984ರಲ್ಲಿ. ಹರಿಯಾಣದ ಮಾನೇಸರ್ ಅದರ ನೆಲೆ. ಜನ ಅದನ್ನು ಮನೆಮನೆಯಲ್ಲಿ ಟಿ.ವಿ. ಮುಂದೆ ಕೂತು ನೋಡಿದ್ದು 2008ರ ನವೆಂಬರ್‌ನಲ್ಲಿ.

ನವೆಂಬರ್ 26ರ ರಾತ್ರಿ ಹತ್ತು ಜನ ಸಮುದ್ರದ ಮೂಲಕ ಮುಂಬೈಗೆ ಬಂದರು. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾದು ಕೂತಿದ್ದವರಿಗೂ ಗುಂಡು, ಹೋಟೆಲಿನಲ್ಲಿ ಊಟ ಮಾಡುತ್ತಿದ್ದವರಿಗೂ ಗುಂಡು. ಒಟ್ಟು 166 ಜನ ಸತ್ತರು. ಮುಂಬೈ ಪೊಲೀಸರು, ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಹೋರಾಡುತ್ತಿದ್ದರು. ಎನ್‌ಎಸ್‌ಜಿ ಬಂದಿಳಿದದ್ದು ಮರುದಿನ ನಸುಕಿಗೆ. ಅದಕ್ಕೆ ಆಗ ಇದ್ದದ್ದು ಮಾನೇಸರ್ ಒಂದೇ ನೆಲೆ. ಅವರನ್ನು ಹೊತ್ತು ತರುವ ದೊಡ್ಡ ವಿಮಾನ ಇದ್ದದ್ದು ಚಂಡೀಗಢದಲ್ಲಿ. ಅದು ದಿಲ್ಲಿಗೆ ಬಂದು, ಜನ ಏರಿ, ಮುಂಬೈ ಮುಟ್ಟುವಷ್ಟರಲ್ಲಿ ಗಂಟೆಗಳು ಕಳೆದಿದ್ದವು. ಕಲಿತ ವಿದ್ಯೆ ಎಷ್ಟಿದ್ದರೇನು, ಗಾಡಿ ಸಿಗದಿದ್ದರೆ? ಬಸ್ಸಿಗೆ ಕಾದು ಕಾದು ಕೆಲಸ ಕೆಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಪಾಠ ಕಲಿತ ಮೇಲೆ 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲಿ ಎನ್‌ಎಸ್‌ಜಿ ನೆಲೆಗಳಾದವು.

ತಾಜ್ ಹೋಟೆಲಿನಲ್ಲಿ ನೂರಾರು ಕೋಣೆ. ಒಂದೊಂದು ಬಾಗಿಲ ಹಿಂದೆಯೂ ಯಾರೋ ಇದ್ದಾರೆ. ಅಡಗಿ ಕೂತ ಅತಿಥಿಯೋ, ಮಾಣಿಯೋ, ಬಂದೂಕು ಹಿಡಿದವನೋ ತಿಳಿಯದು. ಬಾಗಿಲು ತಟ್ಟಿದರೆ ಅತಿಥಿ ತೆರೆಯುವುದಿಲ್ಲ, ಹೊರಗಿರುವವನು ಉಗ್ರಗಾಮಿ ಇರಬಹುದಲ್ಲ ಎಂಬ ಭಯ. ಬಾಗಿಲು ಮುರಿದು ಗುಂಡು ಹಾರಿಸುತ್ತ ಹೋದರೆ ಅಮಾಯಕರು ಸಾಯುತ್ತಾರೆ. ಆದ್ದರಿಂದಲೇ ಅಷ್ಟು ಹೊತ್ತು ಹಿಡಿಯಿತು. ಟಿ.ವಿ. ಮುಂದೆ ಕೂತವರು "ಇನ್ನೂ ಯಾಕ ಮುಗಿಸವಲ್ಲರು?" ಅಂತ ಕೇಳುತ್ತಿದ್ದ ಆ ಗಂಟೆಗಳೆಲ್ಲ ಗುಂಡು ಹೊಡೆಯದೆ ಕಳೆದ ಗಂಟೆಗಳು. ಕೋಣೆ ಕೋಣೆಯಿಂದ ಜನರನ್ನು ಜೀವಂತ ತಂದ ಗಂಟೆಗಳು.

ಆ ಮೆಟ್ಟಿಲುಗಳನ್ನು ಹತ್ತಿದವರಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಒಬ್ಬರು. ಮಲಯಾಳಿ ಮನೆತನ, ಬೆಳೆದದ್ದು ಓದಿದ್ದು ಬೆಂಗಳೂರು. ತಂದೆ ಇಸ್ರೋದಲ್ಲಿದ್ದು ನಿವೃತ್ತರಾದವರು. 1999ರಲ್ಲಿ ಬಿಹಾರ್ ರೆಜಿಮೆಂಟಿಗೆ ಸೇರಿ ಅಲ್ಲಿಂದ ಎನ್‌ಎಸ್‌ಜಿಗೆ ಹೋದವರು. ಹೋಟೆಲಿನೊಳಗೆ ಅವರ ತಂಡದ ಒಬ್ಬ ಕಮಾಂಡೋಗೆ ಗುಂಡು ತಾಗಿತು. ಅವನನ್ನು ಹೊರಗೆ ಸಾಗಿಸುವ ವ್ಯವಸ್ಥೆ ಮಾಡಿ, ಉಳಿದವರಿಗೆ ಮೇಲೆ ಬರಬೇಡಿ, ಅವರನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಮೇಜರ್ ತಾವೇ ಮುಂದೆ ಹೋದರು. ನವೆಂಬರ್ 28ರಂದು ಅವರು ಬಲಿಯಾದರು. ವಯಸ್ಸು 31. ಅದೇ ದಿನ ನಾರಿಮನ್ ಹೌಸ್ ಮೇಲೆ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದ ತಂಡದ ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ಟ್ ಕೂಡ ಬಲಿಯಾದರು. ಇಬ್ಬರಿಗೂ 2009ರಲ್ಲಿ ಅಶೋಕ ಚಕ್ರ ಬಂತು.

ಬೆಂಗಳೂರು ಇನ್ನೊಬ್ಬರನ್ನೂ ಕಳೆದುಕೊಂಡಿತು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ದಾಳಿಯಲ್ಲಿ ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ತಂಡದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಸತ್ತದ್ದು ಗುಂಡಿನಿಂದಲ್ಲ. ಹೊಡೆದುರುಳಿಸಿದ ಉಗ್ರಗಾಮಿಯ ಹೆಣದ ಮೇಲಿದ್ದ ಗ್ರೆನೇಡ್ ಸಿಡಿದು. ಸತ್ತವನ ಮೈಯನ್ನೂ ನಂಬಲಾಗದ ಕೆಲಸ ಇದು.

ಒಂದು ತಪ್ಪಿನ ಬೆಲೆ

ವಿದ್ಯೆ ಎಷ್ಟಿದ್ದರೂ ಗುರುತು ತಪ್ಪಿದರೆ ಏನಾಗುತ್ತದೆ? ಅದನ್ನೂ ಹೇಳದಿದ್ದರೆ ಈ ಕಥೆ ಅರ್ಧವೇ.

2021ರ ಡಿಸೆಂಬರ್ 4, ಶನಿವಾರ ಸಂಜೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್ ಊರಿನ ಕೂಲಿಗಳು ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದರು. ದಾರಿಯಲ್ಲಿ ಉಗ್ರಗಾಮಿಗಳಿಗೆ ಹೊಂಚು ಹಾಕಿ ಕೂತಿದ್ದದ್ದು ಪ್ಯಾರಾ ವಿಶೇಷ ಪಡೆಯ ತಂಡ. ಇವರೇ ಅವರು ಅಂದುಕೊಂಡರು. ಗುಂಡು ಹಾರಿತು. ಗಾಡಿಯಲ್ಲಿದ್ದ ಎಂಟು ಜನರಲ್ಲಿ ಆರು ಜನ ಸತ್ತರು. ರೊಚ್ಚಿಗೆದ್ದ ಊರವರ ಜೊತೆ ನಡೆದ ಘರ್ಷಣೆಯಲ್ಲಿ ಇನ್ನಷ್ಟು ಊರವರೂ ಒಬ್ಬ ಯೋಧನೂ ಸತ್ತರು. ಗುರುತು ತಪ್ಪಿ ಆದದ್ದು ಎಂದು ಕೇಂದ್ರ ಗೃಹಮಂತ್ರಿಗಳೇ ಸಂಸತ್ತಿನಲ್ಲಿ ಹೇಳಿದರು. ನಾಗಾಲ್ಯಾಂಡ್ ಪೊಲೀಸರು 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿದರು. ವಿಚಾರಣೆಗೆ ಕೇಂದ್ರ ಅನುಮತಿ ಕೊಡಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣದ ಕಲಾಪ ಮುಗಿಸಿತು.

ವಾರದ ದುಡಿಮೆ ಮುಗಿಸಿ, ಶನಿವಾರ ಸಂಜೆ ಗಾಡಿ ಹತ್ತಿ ಮನೆಗೆ ಹೊರಟವರು ಅವರು. ಈ ಪತ್ರಿಕೆಯನ್ನು ಬಸ್ಸಿನಲ್ಲಿ ಕೂತು ಓದುವವರಂಥವರೇ. ಬೆರಳು ಟ್ರಿಗರ್‌ನಿಂದ ಹೊರಗಿರಬೇಕು ಅನ್ನುವ ನಿಯಮ ಪುಸ್ತಕದ ಮಾತಲ್ಲ ಅನ್ನುವುದು ಇಲ್ಲಿ ಅರ್ಥವಾಗುತ್ತದೆ.

ನಮ್ಮ ಪಾಲಿನ ಪಾಠ

ಇದೆಲ್ಲ ಸೈನ್ಯದವರ ವಿಚಾರ, ನಮಗೇನು ಅಂತ ಕೇಳಬಹುದು. ಮೂರು ಮಾತು ನಮಗೂ ಸೇರಿದ್ದು.

ಒಂದು, ಅಂಗಡಿಕಾರರಿಗೆ. ಪಠಾಣ್‌ಕೋಟ್ ದಾಳಿಕೋರರು ಸೈನ್ಯದ ಬಟ್ಟೆಯಂಥದ್ದನ್ನೇ ತೊಟ್ಟು ಬಂದಿದ್ದರು. ಅದಾದ ಮೇಲೆ ಸೇನೆಯೇ ಮನವಿ ಮಾಡಿತು: ಸೈನ್ಯದ ಸಮವಸ್ತ್ರದಂಥ ಬಟ್ಟೆ ಮಾರಬೇಡಿ, ಸಾಮಾನ್ಯ ಜನ ತೊಡಬೇಡಿ ಅಂತ. 2022ರಲ್ಲಿ ಬಂದ ಹೊಸ ಚುಕ್ಕೆ ಮಾದರಿಯ ಸಮವಸ್ತ್ರದ ವಿನ್ಯಾಸದ ಹಕ್ಕನ್ನೂ ಸೇನೆ ನೋಂದಾಯಿಸಿಕೊಂಡಿದೆ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಇಂಥ ಬಟ್ಟೆ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಮೂರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಇರಲಿ. ಗೊಂದಲದ ಗಳಿಗೆಯಲ್ಲಿ ಆ ಬಟ್ಟೆ ತೊಟ್ಟವನನ್ನು ಪೊಲೀಸರು ಏನೆಂದು ತಿಳಿಯಬೇಕು? ನೂರು ಇನ್ನೂರು ರೂಪಾಯಿ ಲಾಭಕ್ಕೆ ಇದು ಬೇಕೇ, ವ್ಯಾಪಾರಸ್ಥರೇ ಯೋಚಿಸಲಿ.

ಎರಡು, ಮೊಬೈಲು ಹಿಡಿದವರಿಗೆ. ಮುಂಬೈ ದಾಳಿಯ ಹೊತ್ತಿನಲ್ಲಿ ಕಮಾಂಡೋಗಳ ಚಲನವಲನವನ್ನೆಲ್ಲ ಟಿ.ವಿ. ನೇರವಾಗಿ ತೋರಿಸಿತು. ಗಡಿಯಾಚೆ ಕೂತವರು ಅದನ್ನೇ ನೋಡಿ ಫೋನಿನಲ್ಲಿ ತಮ್ಮವರಿಗೆ ಸೂಚನೆ ಕೊಟ್ಟರು. 2012ರಲ್ಲಿ ಸುಪ್ರೀಂ ಕೋರ್ಟ್ ಟಿ.ವಿ.ಯವರನ್ನು ತರಾಟೆಗೆ ತೆಗೆದುಕೊಂಡಿತು. 2015ರಲ್ಲಿ ಇಂಥ ನೇರ ಪ್ರಸಾರಕ್ಕೆ ನಿರ್ಬಂಧ ಬಂತು. ಟಿ.ವಿ. ಕ್ಯಾಮರಾ ನಿಂತಿತು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮರಾ! ಪೊಲೀಸ್ ವ್ಯಾನು ಕಂಡರೆ ಸಾಕು, ನೂರು ಕೈ ಮೇಲೇಳುತ್ತವೆ. ಒಂದು ವಿಡಿಯೋ ಒಳಗಿರುವ ಹುಡುಗನ ಜೀವ ತೆಗೆಯಬಹುದು.

ಮೂರು, ಎಲ್ಲರಿಗೂ. ಅಂಥ ಗಳಿಗೆ ಯಾರಿಗೂ ಬರದಿರಲಿ. ಬಂದರೆ, ರಕ್ಷಣೆಗೆ ಬಂದವರ ಕಡೆ ಓಡಬೇಡಿ, ಅವರನ್ನು ತಬ್ಬಿಕೊಳ್ಳಬೇಡಿ, ಜೇಬಿಗೆ ಕೈ ಹಾಕಬೇಡಿ. ನೆಲಕ್ಕೆ ಮಲಗಿ, ಎರಡೂ ಅಂಗೈ ಬಿಚ್ಚಿ ಕಾಣುವ ಹಾಗೆ ಚಾಚಿ, ಹೇಳಿದ ಹಾಗೆ ಕೇಳಿ. ಗದರಿದರೆ, ಕೈ ಕಟ್ಟಿದರೆ ಸಿಟ್ಟಾಗಬೇಡಿ. ನೀವು ಯಾರು ಅನ್ನುವುದು ಅವರಿಗೆ ಗೊತ್ತಿಲ್ಲ. ಅವರು ನೋಡುತ್ತಿರುವುದು ನಿಮ್ಮ ಕೈ ಮಾತ್ರ.

ನಾಳೆ ನಸುಕಿನಲ್ಲೂ ಕ್ಯಾಂಪ್ ರಸ್ತೆಯಲ್ಲಿ ಆ ಸಾಲು ಓಡುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರು ಅವರ ಮುಖದ ಬೆವರು ನೋಡುತ್ತಾರೆ. ಒಂದು ಸಲ ಬಂದೂಕು ಹಿಡಿದ ಕೈ ನೋಡಿ. ಬೆರಳು ಎಲ್ಲಿದೆ ನೋಡಿ. ಟ್ರಿಗರ್‌ನ ಹೊರಗೆ, ನೆಟ್ಟಗೆ ಚಾಚಿಕೊಂಡಿರುತ್ತದೆ.